ನನ್ನ ಹಾಡನ್ನು ನಾನೇ ಕೆಡಿಸಿದೆನಂತೆ

ಗೆಳೆಯರೇ, ಇವತ್ತು ಸವಣೂರಿನ ಖಾರದ ತಿನಿಸಿನ ಅಂಗಡಿಯಲ್ಲಿ ನನ್ನದೇ ಹಾಡಿಗಾಗಿ ಜಗಳವಾಡಿ ಬಂದೆ.

ಶಿಗ್ಗಾಂವದ ಕಾಲೇಜಿನಲ್ಲಿದ್ದಾಗ ನಮ್ಮದೊಂದು ರಾಕ್ ಬ್ಯಾಂಡ್ ಇತ್ತು. ಕೈ ಮಾಡಿದರೂ ನಿಲ್ಲದ ಹೈವೇ ಬಸ್ಸಿನ ಬಗ್ಗೆ ನಾನೊಂದು ಹಾಡು ಬರೆದೆ. ಗಿಟಾರ್ ಬಾರಿಸಿ, ಕಿರುಚಿ ಹಾಡಿ ನೆಟ್‌ನಲ್ಲಿ ಹಾಕಿದೆವು. ಯಾರೂ ಕೇಳಲಿಲ್ಲ. ಹೋದ ವರ್ಷ ಹಿರೇಬೆಂಡಿಗೇರಿಯ ಹೆಣ್ಣುಮಕ್ಕಳ ಭಜನಾ ಮೇಳ ನನ್ನನ್ನು ಕೇಳಿಯೇ ಅದನ್ನು ಹಾರ್ಮೋನಿಯಂ, ತಾಳದೊಂದಿಗೆ ನಿಧಾನವಾಗಿ ಹಾಡಿ ನೆಟ್‌ನಲ್ಲಿ ಹಾಕಿತು. ಈಗ ಮದುವೆ ಮನೆಯಲ್ಲೂ ಅದೇ, ಟ್ರ್ಯಾಕ್ಟರಿನಲ್ಲೂ ಅದೇ.

ಇವತ್ತು ಅಂಗಡಿಯಲ್ಲೂ ಅದನ್ನೇ ಹಚ್ಚಿದ್ದರು.

"ಇದು ನಾ ಬರದ ಹಾಡ್ರಿ" ಎಂದೆ. ಅಂಗಡಿಯವರು ನಂಬಲಿಲ್ಲ. ಮೊಬೈಲ್ ತೆಗೆದು ನಮ್ಮ ಬ್ಯಾಂಡಿನದನ್ನು ಕೇಳಿಸಿದೆ. ಅವರು ಮುಖ ಕಿವಿಚಿ, "ಅಕ್ಕಾರ ಹಾಡನ್ನ ಹಿಂಗ ಕೆಡಸಬಾರದ್ರಿ" ಎಂದರು.

ನನಗೆ ನಿಜಕ್ಕೂ ಸಿಟ್ಟು ಬಂತು. "ಕೆಡಸೂದ್ ಎಲ್ಲೀದ್ರಿ? ಮೊದಲ ಹಾಡಿದವ್ರ ನಾವು!" ಎಂದು ದನಿ ಏರಿಸಿದೆ. ಖಾರ ಕೊಳ್ಳಲು ಬಂದವರೆಲ್ಲ ತಿರುಗಿ ನೋಡಿದರು. ಮೇಳದ ನೀಲವ್ವಕ್ಕನಿಗೇ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದೆ.

"ಹೌದ್ರಿ, ಹಾಡು ಈ ತಮ್ಮಂದ ಐತಿ. ನಾವು ಅವನ್ನ ಕೇಳೇ ಹಾಡೇವಿ" ಎಂದರು ನೀಲವ್ವಕ್ಕ.

ನಾನು ಗೆದ್ದೆ ಎಂದುಕೊಂಡೆ. ಅಂಗಡಿಯವರು ಫೋನಿನತ್ತ ಬಾಗಿದರು. "ಹಂಗಾದ್ರ ಅಕ್ಕಾರ, ಇವ್ರಿಗೂ ಒಂಚೂರು ಹಾಡಾಕ ಕಲಸ್ರಿ."

ನೀಲವ್ವಕ್ಕ ನಗಲಿಲ್ಲ. "ಸೋಮವಾರ ಭಜನಿ ಐತಿ, ಬರಲಿ" ಎಂದರು.

ಹೋಗುತ್ತಿದ್ದೇನೆ. ಗಿಟಾರ್ ಮಾತ್ರ ತರಬೇಡ ಎಂದಿದ್ದಾರೆ.