ಚಿಗವ್ವ ತುಂಬಲಾರದ ಮೂರಕ್ಷರ

ಆಪರೇಶನ್ ಥಿಯೇಟರಿನ ಬಾಗಲಾ ಹಾಕಿದ ಕೂಡ್ಲೆ ಚಿಗವ್ವ ನನ್ನ ಕೈ ಹಿಡಕೊಂಡ್ಳು. ಬಿಡವಲ್ಲಳು.

ಒಳಗ ನಮ್ಮ ಕಾಕಾ. ಗಾಲ್‌ಬ್ಲಾಡರ್ ಸ್ಟೋನ್. "ಸಣ್ಣ ಆಪರೇಶನ್ ರಿ, ಹೆದರಬ್ಯಾಡ್ರಿ" ಅಂದಿದ್ರು ಡಾಕ್ಟ್ರು. ಆದ್ರ ಕಾಕಾಗ ಬಿಪಿ ಐತಿ, ಶುಗರ್ ಐತಿ. ಸಣ್ಣದು ಅಂದ್ರ ಸಮಾಧಾನ ಹೆಂಗ ಆಗಬೇಕ್ರಿ?

ಕಾಕಾ, ಚಿಗವ್ವ ಇಬ್ಬರೂ ಬ್ಯಾಡಗಿಯಾಗ ಇರ್ತಾರ. ನಾ ಹಾವೇರಿಯಾಗ ಇದ್ದೇನಿ ಅಂತ ಆಪರೇಶನ್ ಇಲ್ಲೇ ಮಾಡಿಸಿದ್ವಿ. ಅವರ ಮಗಳು ರೇಖಾ ರಾಣೇಬೆನ್ನೂರಾಗ. ಕೂಸಿಗೆ ಜ್ವರ ಬಂದು ಆಕಿಗೆ ಬರಾಕ ಆಗಿರಲಿಲ್ಲ.

ಅಲ್ಲಿಂದನ ಆಕಿ ಮೆಸೇಜ್ ಹಾಕಿದ್ಳು. "ಅವ್ವ ಸುಮ್ನ ಕುಂತ್ರ ಅಳ್ತಾಳ. ಇವತ್ತಿನ ಸರಪಳಿ ಆಡಸು."

ನಾ, ಚಿಗವ್ವ, ರೇಖಾ, ನಮ್ಮ ಮೂವರದೂ ಒಂದು ಹುಚ್ಚು ಐತಿ ನೋಡ್ರಿ. ಆನ್‌ಲೈನ್ ಪದ ಸರಪಳಿ. ಒಂದು ಶಬ್ದದ ಕಡೇ ಅಕ್ಷರದಿಂದ ಮುಂದಿನ ಶಬ್ದ ಶುರು ಆಗಬೇಕು. ಯಾರ ಪಾಳಿನೋ ಅವರ ಮೊಬೈಲಿನಿಂದನ ತುಂಬಬೇಕು. ಅವರು ತುಂಬೋ ತನಕ ಮುಂದಿನವರ ಡಬ್ಬಿ ತಗಿಯಂಗಿಲ್ಲ.

ಮೂವರಾಗ ಚಿಗವ್ವನ ಜೋರು. ನಾವು ತಲಿ ಕೆರಕೋತ ಕುಂತಾಗ ಆಕಿ ಒಗ್ಗರಣಿ ಹಾಕ್ಕೋತ ಉತ್ತರ ಹೇಳಾಕಿ.

ಮೊದಲನೇ ಶಬ್ದ ಆಟದವರ ಕೊಟ್ಟಿದ್ರು, ನಾಟಕ. ನನ್ನ ಪಾಳಿ: "ಹಕ್ಕಿಗಳ ದನಿ". ಕಲರವ ಅಂತ ತುಂಬಿದೆ, ಸರಿ ಇತ್ತು. ಹಸಿರು ಬಂತು.

ಮುಂದ ಚಿಗವ್ವಂದು. "ಕೋಗಿಲೆ ಕೂಗುವ ಕಾಲ. ಮೂರಕ್ಷರ. ವ ಇಂದ ಶುರು."

ಇದೇನು ದೊಡ್ಡದು ಅಂತ ನಾ ನಕ್ಕೆ. ಚಿಗವ್ವ ನಗಲಿಲ್ಲ. ಮೊಬೈಲ್ ನೋಡಿದ್ಳು, ಥಿಯೇಟರಿನ ಬಾಗಲಾ ನೋಡಿದ್ಳು, ಮೊಬೈಲ್ ಬೋರಲ ಹಾಕಿ ಬೆಂಚಿನ ಮ್ಯಾಲ ಇಟ್ಟುಬಿಟ್ಳು.

ಆವಾಗ ನನ್ನ ತಲಿಗೆ ಹೊಳೀತು. ಅಯ್ಯ ಶಿವನ... ನಮ್ಮ ಕಾಕಾನ ಹೆಸರು ವಸಂತ!

ಚಿಗವ್ವ ಗಂಡನ ಹೆಸರು ಬಾಯಾಗ ತಗಿಯಂಗಿಲ್ಲ, ಕೈಲೆ ಬರಿಯಂಗೂ ಇಲ್ಲ. ಹಂಗ ಮಾಡಿದ್ರ ಅವರ ಆಯುಷ್ಯ ಕಡಿಮಿ ಆಕ್ಕೈತಿ ಅಂತ ಆಕಿ ಗಟ್ಟಿ ನಂಬಿಕಿ. ಬೆಳಿಗ್ಗೆ ಕೌಂಟರಿನ್ಯಾಗ "ಪೇಷಂಟ್ ಹೆಸರೇನ್ರಿ?" ಅಂತ ಕೇಳಿದಾಗನೂ ನನ್ನ ಮಾರಿ ನೋಡಿದ್ಳು, ನಾ ಹೇಳಿದೆ.

ಮದುವಿ, ಸೀಮಂತದಾಗ ಅಷ್ಟ ಆಕಿ ಬಾಯಾಗ ಆ ಹೆಸರು ಬರ್ತೈತಿ. ಅದೂ ಒಡಪು ಕಟ್ಟಿ. ಪ್ರಾಸ ಹಾಕಿ ನಡುವ ಗಂಡನ ಹೆಸರು ಸೇರಿಸಿ ಹೇಳಿದ್ರ ದೋಷ ಇಲ್ಲಂತ. ಆಕಿ ನಾಚಕೊಂಡು ಮೆಲ್ಲಕ ಹೇಳೋದು, ಉಳಿದ ಹೆಣ್ಮಕ್ಕಳು "ಕೇಳಿಸಲಿಲ್ಲಾ, ಇನ್ನೊಮ್ಮೆ!" ಅಂತ ಕಾಡೋದು. ಎಲ್ಲಾರಿಗಿಂತ ಹೆಚ್ಚು ಕಾಡಾಂವ ಕಾಕಾನ.

ರೇಖಾನ ಮೆಸೇಜ್ ಮ್ಯಾಲ ಮೆಸೇಜ್. "ಅವ್ವಾ, ನಿನ್ನ ಶಬ್ದ? ನನ್ನ ಡಬ್ಬಿ ತಗೀವಲ್ದು." ಆಮ್ಯಾಲ "ಅಪ್ಪ ಹೊರಗ ಬಂದ್ನೇನು?" ಆಮ್ಯಾಲ "ಯಾಕ ಸುಮ್ನ ಆದ್ರಿ ಇಬ್ಬರೂ? ಏನಾತು ಹೇಳ್ರಿ!"

ನಾನ ತುಂಬಿಬಿಡೋಣ ಅಂತ ಆಕಿ ಮೊಬೈಲಿಗೆ ಕೈ ಹಾಕಿದೆ. ಚಿಗವ್ವ ಗಪ್ಪನ ನನ್ನ ಕೈ ಹಿಡದ್ಳು. "ಬ್ಯಾಡವಾ... ಅವರು ಒಳಗ ಅದಾರ. ಇವತ್ತ ಬ್ಯಾಡ."

ನಾ ಇಂಥಾದ್ದೆಲ್ಲಾ ನಂಬಾಕಿ ಅಲ್ಲ. ಆದ್ರ ಖರೇ ಹೇಳ್ತೇನಿ, ಆ ಹೊತ್ತಿನ್ಯಾಗ ನನಗೂ ಬಟನ್ ಒತ್ತಾಕ ಧೈರ್ಯ ಬರಲಿಲ್ಲ.

ಕಡೀಕ ಬಾಗಲಾ ತಗೀತು. "ಆಪರೇಶನ್ ಛಲೋ ಆಗೈತ್ರಿ" ಅಂದ್ಳು ನರ್ಸ್. ಉಸರು ಬಿಡೂದ್ರಾಗ ಮುಂದಿನ ಮಾತು ಬಂತು. "ಆದ್ರ ಇನ್ನೂ ಬರೋಬ್ಬರಿ ಎಚ್ಚರ ಆಗವಲ್ರು. ನಾವು ಕರದ್ರ ಕಣ್ಣು ತಗೀವಲ್ರು. ಪರಿಚಯದ ದನಿ ಕೇಳಿದ್ರ ತಗೀಬಹುದು, ಒಳಗ ಬರ್ರಿ."

ಕಾಕಾನ ಮಾರಿ ಬೆಳ್ಳಗ ಆಗಿತ್ತು. ನಾ "ಕಾಕಾ, ಕಾಕಾ" ಅಂದೆ. ಇಲ್ಲ.

ಚಿಗವ್ವ "ರೀ... ನೋಡ್ರಿಲ್ಲೆ... ರೀ" ಅಂದ್ಳು. ಇಲ್ಲ.

"ಅಮ್ಮಾರ, ಇಲ್ಲಿ ಎಲ್ಲಾರೂ ರೀ ಅಂತಾರ್ರಿ. ಅವರಿಗೆ ಹೆಂಗ ತಿಳೀಬೇಕು? ಹೆಸರು ಹಿಡದು ಕರೀರಿ, ಜೋರಾಗಿ!" ಅಂದ್ಳು ನರ್ಸ್.

ಚಿಗವ್ವನ ತುಟಿ ಅದರಾಕತ್ತಿದ್ವು. ಹೆಸರು ಹೇಳಿದ್ರ ಏನಾಕ್ಕೈತೋ, ಹೇಳಲಿಲ್ಲಂದ್ರ ಏನಾಕ್ಕೈತೋ... ನಾ ಆಕಿ ಬೆನ್ನ ಮ್ಯಾಲ ಕೈ ಇಟ್ಟೆ.

ತಲಿ ಮ್ಯಾಲ ಸೆರಗು ಹೊತಗೊಂಡ್ಳು. ಕಣ್ಣು ಮುಚ್ಚಿದ್ಳು.

"ಹಾವೇರಿ ಏಲಕ್ಕಿ, ಬ್ಯಾಡಗಿ ಮೆಣಸಿನಕಾಯಿ... ವಸಂತ ಅವರ ಹೆಸರು ಹೇಳಾಕ ನಡಗತೈತಿ ನನ್ನ ಬಾಯಿ."

ನರ್ಸ್ ಕೈಯಾಗಿನ ಕೆಲಸ ಬಿಟ್ಟು ಹಂಗ ನಿಂತ್ಳು. ಇಲ್ಲಿ ಯಾರರ ಒಡಪು ಹೇಳ್ತಾರೇನ್ರಿ? ನನಗ ನಗೂನೂ ಬರಲಿಲ್ಲ, ಅಳೂನೂ ಬರಲಿಲ್ಲ. ಕಾಕಾನ ಮಾರಿನ ನೋಡ್ಕೋತ ನಿಂತಿದ್ದೆ.

ಕಾಕಾನ ಹುಬ್ಬು ಅಲ್ಲಾಡಿತು. ತುಟಿ ಅಲ್ಲಾಡಿತು. ಕಣ್ಣು ಇನ್ನೂ ಮುಚ್ಚೇ ಇದ್ವು.

"ಕೇಳಿಸಲಿಲ್ಲಾ... ಇನ್ನೊಮ್ಮೆ..."

ಚಿಗವ್ವ ಹೋ ಅಂತ ಅತ್ತಾಕಿ, ಮಂಚದ ಕಂಬಿ ಹಿಡಕೊಂಡು ಅಲ್ಲೇ ಕುಂತುಬಿಟ್ಳು. ಕಾಕಾ ಕಣ್ಣು ತಗದ.

ಹೊರಗ ಬಂದು ಚಿಗವ್ವ ಮೊದಲು ಮಾಡಿದ ಕೆಲಸ ಏನಂತೀರಿ? "ತಾ ಇಲ್ಲಿ ಮೊಬೈಲ್" ಅಂದ್ಳು. ತಾನ ಒಂದೊಂದ ಅಕ್ಷರ ಒತ್ತಿದ್ಳು. ವ. ಸಂ. ತ. ಹಸಿರು ಬಂತು.

ರಾಣೇಬೆನ್ನೂರಾಗ ರೇಖಾ ಕಾಯ್ಕೋತ ಕುಂತಿದ್ಳು. ಅವ್ವ ಆ ಮೂರಕ್ಷರ ಒತ್ಯಾಳ ಅಂದ್ರ ಅಪ್ಪ ಆರಾಮ ಅದಾನ ಅಂತ ಆಕಿಗೆ ಹೇಳದನ ತಿಳೀತು. ಮುಂದಿನ ಡಬ್ಬಿ ತಗದ ಕೂಡ್ಲೆ ತುಂಬಿದ್ಳು... ತವರು.

ನಿಮ್ಮನ್ಯಾಗೂ ಹಿಂಗ ಬಾಯಿಗೆ ಬರಲಾರದ ಹೆಸರು ಯಾರರ ಮನಸಿನ್ಯಾಗ ಇಟಗೊಂಡಾರೇನ್ರಿ?