ಮುಚ್ಚಳ ಹಾಕಿದ ಮೇಲಿನ ಬೆಳಕು

ದೆವ್ವ, ಪ್ರೇತ, ಸತ್ತವರು ಮರಳಿ ಬರುವುದು ಇಂಥವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಇದನ್ನು ಧೈರ್ಯ ಎಂದು ತಿಳಿಯಬೇಡಿ. ಹೆದರುವುದಕ್ಕೆ ನನಗೆ ಬೇರೆ ವಿಷಯಗಳೇ ಬೇಕಾದಷ್ಟಿದ್ದವು. ಮನೆಯ ನಲ್ಲಿ ನಿಲ್ಲಿಸಿದೆನೋ ಇಲ್ಲವೋ, ಸ್ಕೂಟರಿಗೆ ಬೀಗ ಹಾಕಿದೆನೋ ಇಲ್ಲವೋ, ಎದೆಯ ಎಡಬದಿಯ ಚುಚ್ಚು ವಾಯುವೋ ಅಥವಾ ಅದಕ್ಕಿಂತ ದೊಡ್ಡದೋ. ಈ ಸಾಲಿನಲ್ಲಿ ಪ್ರೇತಗಳ ಸರದಿ ಬರುತ್ತಲೇ ಇರಲಿಲ್ಲ. ಯಾರಾದರೂ ಅಂಥ ಕತೆ ಹೇಳಿದರೆ, ನೀವು ಆ ಹೊತ್ತು ಊಟ ಮಾಡಿದ್ದಿರಾ ಎಂದು ಕೇಳುತ್ತಿದ್ದೆ. ಈಗ ನಾನೇ ಹೇಳಹೊರಟಿದ್ದೇನೆ. ನೀವು ಅದೇ ಪ್ರಶ್ನೆ ಕೇಳಿದರೆ ನನಗೆ ಬೇಸರವಿಲ್ಲ. ಆ ಸಂಜೆ ನಾನು ಊಟ ಮಾಡಿರಲಿಲ್ಲ, ಅದು ನಿಜ.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ನಾನು ಮಣಿಪಾಲದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಉಡುಪಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ ಗೆಳೆಯ ಸದಾಶಿವನೂ ನಾನೂ ಸೇರಿ ವರ್ಷಕ್ಕೊಂದು ಚಿತ್ರೋತ್ಸವ ನಡೆಸುತ್ತಿದ್ದೆವು. ಒಂದು ವಿಷಯ ಹಿಡಿದು ನಾಲ್ಕೈದು ಸಿನಿಮಾ ಆರಿಸುವುದು, ಆ ವಿಷಯ ಮೈಗೇ ತಾಗುವಂಥ ಜಾಗದಲ್ಲಿ ಅವನ್ನು ತೋರಿಸುವುದು ನಮ್ಮ ಕ್ರಮ. ನೋಡಲು ಬಂದವನು ಬರೇ ನೋಡಿ ಹೋಗಬಾರದು, ಒಳಗೆ ಮುಳುಗಿ ಏಳಬೇಕು ಎಂದು ನಾನು ಭಾಷಣ ಮಾಡುತ್ತಿದ್ದೆ. ಮೊದಲ ವರ್ಷ ‘ಕಲ್ಲು’ ಎಂಬ ವಿಷಯವಿಟ್ಟು ಕಾರ್ಕಳದಲ್ಲಿ ಜನರನ್ನು ಬರಿಯ ಬಂಡೆಯ ಮೇಲೆ ಕೂರಿಸಿದೆವು. ಹಗಲಿಡೀ ಕಾದ ಬಂಡೆ ಸಂಜೆಗೂ ಆರಿರಲಿಲ್ಲ. ಪ್ರೇಕ್ಷಕರ ಚಡಪಡಿಕೆಯನ್ನು ನಾನು ಕಲೆಯ ಪರಿಣಾಮವೆಂದು ಬರೆದುಕೊಂಡೆ. ಮರುವರ್ಷ ಉಡುಪಿಯಲ್ಲಿ ‘ಅಡುಗೆ’. ಸಿನಿಮಾ ನಡೆಯುವಾಗ ಹಿಂಬಾಗಿಲಲ್ಲಿ ಗೋಳಿಬಜೆ ಕರಿಸಿದೆವು. ಪರಿಮಳಕ್ಕೆ ಅರ್ಧ ಸಭೆ ಎದ್ದು ಹೋಯಿತು, ಮತ್ತೆ ಬರಲಿಲ್ಲ.

ಇಲ್ಲಿ ನನ್ನ ಒಂದು ಅಭ್ಯಾಸ ಹೇಳಲೇಬೇಕು. ನಾನು ಸಿನಿಮಾ ನೋಡುತ್ತಿರಲಿಲ್ಲ. ಪ್ರೇಕ್ಷಕರ ಅನುಭವ ನನ್ನ ಅಧ್ಯಯನದ ವಿಷಯವಾದ್ದರಿಂದ, ಪರದೆಯ ಬುಡದಲ್ಲಿ ಒಂದು ಬದಿಗೆ ಸ್ಟೂಲು ಹಾಕಿ, ಪರದೆಗೆ ಬೆನ್ನು ಕೊಟ್ಟು, ನೋಡುವವರ ಮುಖಗಳನ್ನು ನೋಡುತ್ತ ಕೂರುತ್ತಿದ್ದೆ. ಪರದೆಯಿಂದ ಮರಳಿ ಬರುವ ಬೆಳಕಿನಲ್ಲಿ ಮುಖಗಳು ಮಂಕಾಗಿ ಕಾಣುತ್ತವೆ. ಎಲ್ಲಿ ಬಾಯಿ ತೆರೆಯುತ್ತದೆ, ಎಲ್ಲಿ ಆಕಳಿಕೆ ಬರುತ್ತದೆ ಎಂದೆಲ್ಲ ಗೊತ್ತಾಗುತ್ತದೆ. “ಮದುವೆಗೆ ಹೋಗಿ ಊಟದವರ ಬಾಯಿ ನೋಡುವವನು ನೀನೊಬ್ಬನೇ ಮಾರಾಯ” ಎಂದು ಸದಾಶಿವ ಗೇಲಿ ಮಾಡುತ್ತಿದ್ದ.

ಮೂರನೆಯ ವರ್ಷದ ವಿಷಯ ‘ಕಡಲು’. ಜಾಗ ಕಾಪು. ದೀಪಸ್ತಂಭದ ಬೆಳಕು ಅಡ್ಡ ಬರಬಾರದೆಂದು ಅಲ್ಲಿಂದ ಎರ್ಮಾಳಿನ ಕಡೆಗೆ ಸಾಕಷ್ಟು ಸರಿದು, ಕೈರಂಪಣಿಯವರು ದಡದಿಂದಲೇ ಬಲೆ ಎಳೆಯುವ ಕಡೆ ಒಂದು ಸಮತಟ್ಟು ಹುಡುಕಿದೆವು. ಎರಡು ಬಿದಿರಿನ ಕಂಬ ನೆಟ್ಟು, ಕಡಲಿಗೆ ಬೆನ್ನಾಗಿ ಬಟ್ಟೆಯ ಪರದೆ ಕಟ್ಟಿದೆವು. ಮುಂದೆ ಚಾಪೆ ಹಾಸಿದ್ದು ಅಲ್ಲಿನ ಮೀನುಗಾರ ಮನೆಯವರಿಗೆ, ಹಿಂದಿನ ಕುರ್ಚಿಗಳು ಮಣಿಪಾಲದಿಂದ ಬರುವವರಿಗೆ.

ಆ ಜಾಗ ಗಿರಿಜಕ್ಕನ ಮನೆಯ ಎದುರಿಗಿತ್ತು. ಒಪ್ಪಿಗೆ ಕೇಳಲು ಹೋದಾಗ ಆಕೆಯ ಕತೆ ಗೊತ್ತಾಯಿತು. ಮಗ ದಯಾನಂದ ಕೆಲವು ವರ್ಷಗಳ ಹಿಂದೆ ದೋಣಿಯಲ್ಲಿ ಹೋದವನು ಬಂದಿರಲಿಲ್ಲ. ದೋಣಿಯೂ ಸಿಗಲಿಲ್ಲ, ಹೆಣವೂ ಸಿಗಲಿಲ್ಲ. ಉತ್ತರಕ್ರಿಯೆ, ಅವರ ಮಾತಿನಲ್ಲಿ ಬೊಜ್ಜ, ಮಾಡಿ ಮುಗಿಸೋಣ ಎಂದು ಅಣ್ಣತಮ್ಮಂದಿರು ಎಷ್ಟು ಹೇಳಿದರೂ ಗಿರಿಜಕ್ಕ ಒಪ್ಪಿರಲಿಲ್ಲ. ಬದುಕಿರುವವನಿಗೆ ಯಾರಾದರೂ ಬೊಜ್ಜ ಮಾಡುತ್ತಾರಾ ಎಂದು ಕೇಳುತ್ತಿದ್ದರಂತೆ. ಸೊಸೆ ಶಾರದ ಅದೇ ಮನೆಯಲ್ಲಿ ಇದ್ದಳು. ಗೇರುಬೀಜದ ಕಾರ್ಖಾನೆಗೆ ಹೋಗಿ ಬಂದು ಅತ್ತೆಯನ್ನು ನೋಡಿಕೊಳ್ಳುತ್ತಿದ್ದಳು. ಕಾರ್ಕಳದ ಕಡೆಯ ಒಬ್ಬರು, ಹೆಂಡತಿ ತೀರಿಕೊಂಡವರು, ಅವಳನ್ನು ಮದುವೆಯಾಗಲು ಕೇಳಿದ್ದರು. ಬೊಜ್ಜವಾಗದೆ ಅವಳು ವಿಧವೆಯೂ ಅಲ್ಲ, ಮುತ್ತೈದೆಯೂ ಅಲ್ಲ. ಅವರು ಕಾದು ಕಾದು, ಈ ಬೇಸಿಗೆಯೊಳಗೆ ಹೇಳದಿದ್ದರೆ ಬೇರೆ ಕಡೆ ನೋಡುತ್ತೇವೆ ಎಂದು ಹೇಳಿ ಕಳಿಸಿದ್ದರು.

ಇದನ್ನು ಕೇಳಿದ ಮೇಲೆ ನನ್ನ ನಿದ್ದೆ ಹೋಯಿತು. ನಾವು ಅಲ್ಲಿ ತೋರಿಸಹೊರಟಿದ್ದ ಮುಖ್ಯ ಚಿತ್ರ ಯಾವುದೋ ತಣ್ಣಗಿನ ದೇಶದ್ದು. ದೋಣಿಗಳಿಗಾಗಿ ದಡದಲ್ಲಿ ಕಾಯುವ ಹೆಂಗಸರ ಕತೆ. ಆ ಮುದುಕಿಯ ಮನೆಯಂಗಳದಲ್ಲೇ ಅದನ್ನು ತೋರಿಸುವುದೆಂದರೆ! ಬೇರೆ ಸಿನಿಮಾ ಹಾಕೋಣ ಎಂದೆ. ಸದಾಶಿವ ಒಪ್ಪಲಿಲ್ಲ. ಕೊನೆಗೆ ಶಾರದಳನ್ನು ಬದಿಗೆ ಕರೆದು, ಆ ದಿನ ಅತ್ತೆಯನ್ನು ಎಲ್ಲಿಗಾದರೂ ನೆಂಟರ ಮನೆಗೆ ಕಳಿಸಲಿಕ್ಕೆ ಆಗುತ್ತದಾ ಎಂದು ಕೇಳಿದೆ. ನನಗೆ ತುಳು ಅಷ್ಟಕ್ಕಷ್ಟೆ. ಅವಳು ಕನ್ನಡದಲ್ಲೇ ನಿಧಾನವಾಗಿ ಹೇಳಿದಳು:

“ಬರಲಿ ಮಾಷ್ಟ್ರೇ. ಅಳುವುದಾದರೆ ಒಮ್ಮೆ ಅಳಲಿ. ಅವರು ಅತ್ತದ್ದನ್ನು ನಾನು ಈವರೆಗೆ ನೋಡಲಿಲ್ಲ.”

ಆ ಚಿತ್ರದ ನಡುವೆ ಒಂದು ಕಡೆ ಪರದೆ ಪೂರ್ತಿ ಕಪ್ಪಾಗುತ್ತದೆ. ಹೆಂಗಸರ ಕೈಯ ದೀಪ ಗಾಳಿಗೆ ಆರಿ, ಬರಿಯ ಕತ್ತಲೆ. ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು. ಆಗ ಸಿನಿಮಾದ ಶಬ್ದವನ್ನೂ ನಿಲ್ಲಿಸಿ, ನಿಜವಾದ ಕಡಲನ್ನೇ ಕೇಳಿಸಬೇಕು ಎಂಬುದು ನನ್ನ ಯೋಜನೆ. ಆದರೆ ನಮ್ಮ ಪ್ರೊಜೆಕ್ಟರಿನ ಕಪ್ಪು ನಿಜವಾದ ಕಪ್ಪಲ್ಲ, ಪರದೆಯ ಮೇಲೆ ಬೂದಿಯಂಥ ಬೆಳಕೊಂದು ಉಳಿಯುತ್ತಿತ್ತು. ಅದಕ್ಕೆ ಸದಾಶಿವ ಒಂದು ಉಪಾಯ ಮಾಡಿದ. ಆ ಹೊತ್ತಿಗೆ ಬಿಸ್ಕತ್ತು ಡಬ್ಬದ ತಗಡಿನ ಮುಚ್ಚಳವನ್ನು ಪ್ರೊಜೆಕ್ಟರಿನ ಮೂತಿಗೆ ಅಡ್ಡ ಹಿಡಿಯುವುದು. ಹಿಂದಿನ ದಿನ ಪರೀಕ್ಷೆ ಮಾಡಿ ನೋಡಿದ್ದೆವು. ಮುಚ್ಚಳ ಹಿಡಿದರೆ ನನ್ನ ಕೈ ನನಗೇ ಕಾಣುತ್ತಿರಲಿಲ್ಲ.

ಆ ಸಂಜೆ ಚಂದ್ರ ಇರಲಿಲ್ಲ. ಜನ ಬಂದಿದ್ದರು. ಗಿರಿಜಕ್ಕ ಮುಂದಿನ ಚಾಪೆಯಲ್ಲಿ ಕಾಲು ಮಡಚಿ ಕೂತಿದ್ದರು, ಪಕ್ಕದಲ್ಲಿ ಶಾರದ, ಆಚೆ ಈಚೆ ಕೇರಿಯ ಹೆಂಗಸರು. ನಾನು ಸ್ಟೂಲಿನ ಮೇಲೆ ಕೂತು ಗಿರಿಜಕ್ಕನ ಮುಖವನ್ನೇ ನೋಡುತ್ತಿದ್ದೆ. ಅಧ್ಯಯನಕ್ಕೆಂದಲ್ಲ, ಅವರಿಗೆ ಏನಾದರೂ ಆದರೆ ಕಾಪುವಿನಿಂದ ಆಸ್ಪತ್ರೆಗೆ ಎಷ್ಟು ದೂರ ಎಂದು ಲೆಕ್ಕ ಹಾಕುತ್ತ. ಅವರ ಮುಖದಲ್ಲಿ ಏನೂ ಇರಲಿಲ್ಲ. ಪರದೇಶದ ಹೆಂಗಸರು ಕಾಯುವುದನ್ನು, ನೆರೆಮನೆಯವರ ಅಡುಗೆ ನೋಡುವ ಹಾಗೆ, ಸ್ವಲ್ಪ ಕೊಂಕಿನಿಂದ ನೋಡುತ್ತಿದ್ದರು.

ಕತ್ತಲೆಯ ಭಾಗ ಬಂತು. ಸದಾಶಿವ ಶಬ್ದ ನಿಲ್ಲಿಸಿ ಮುಚ್ಚಳ ಹಿಡಿದ. ಎಲ್ಲ ಕಪ್ಪಾಯಿತು. ನನ್ನ ಬೆನ್ನ ಹಿಂದೆ ಕಡಲು ಒಮ್ಮೆಲೇ ಹತ್ತಿರ ಬಂದ ಹಾಗೆ ಕೇಳಿಸಿತು. ಯೋಜನೆ ಫಲಿಸಿತು ಎಂದು ಒಂದು ಕ್ಷಣ ಹೆಮ್ಮೆಪಟ್ಟೆ.

ಆಮೇಲೆ ಮುಂದಿನ ಚಾಪೆಯವರ ಮುಖಗಳು ನನಗೆ ಕಾಣತೊಡಗಿದವು.

ಮೊದಲು ಗಿರಿಜಕ್ಕನದು, ನಂತರ ಉಳಿದವರದು. ಸೀಮೆಎಣ್ಣೆ ದೀಪದ ಬೆಳಕಿನಂತೆ ಹಳದಿ, ಅಲುಗದ ಬೆಳಕು. ಅದು ಅವರ ಹಣೆಯ ಮೇಲೆ, ಮೂಗಿನ ನತ್ತಿನ ಮೇಲೆ ಬಿದ್ದಿತ್ತು. ಹಿಂದಿನ ಕುರ್ಚಿಗಳೆಲ್ಲ ಕತ್ತಲಲ್ಲೇ ಇದ್ದವು. ನನಗೆ ಆಗ ಹೊಳೆದದ್ದು ಒಂದೇ: ಸದಾಶಿವ ಮುಚ್ಚಳ ಜಾರಿಸಿಬಿಟ್ಟ, ಇಷ್ಟು ದಿನದ ಯೋಜನೆ ಹಾಳು. ನಾನು ಹಿಂದೆ ತಿರುಗಿ ಪರದೆ ನೋಡಲಿಲ್ಲ. ಎದುರಿಗೆ, ಚಾಪೆ ಕುರ್ಚಿಗಳ ಆಚೆಗೆ, ಪ್ರೊಜೆಕ್ಟರ್ ಇದ್ದ ಕಡೆ ಸಿಟ್ಟಿನಿಂದ ನೋಡಿದೆ. ಅಲ್ಲಿ ಬೆಳಕಿನ ಎಳೆಯೂ ಇರಲಿಲ್ಲ. ಪ್ರೊಜೆಕ್ಟರ್ ಮುಚ್ಚಿಯೇ ಇತ್ತು.

ಮತ್ತೆ ಚಾಪೆಯ ಕಡೆ ನೋಡಿದಾಗ ಗಿರಿಜಕ್ಕನ ಮುಖ ಬದಲಾಗಿತ್ತು. ಹೆದರಿಕೆ ಅಲ್ಲ, ಅಳುವೂ ಅಲ್ಲ. ಹೊತ್ತು ಮೀರಿ ಮನೆಗೆ ಬಂದವನನ್ನು ಬಾಗಿಲಲ್ಲೇ ಬೈಯಲು ಹೊರಟು, ಹೋಗಲಿ, ಮೊದಲು ಉಣ್ಣಲಿ ಎಂದು ಸುಮ್ಮನಾದವರ ಮುಖ ಅದು. ಅವರು ನೆಲಕ್ಕೆ ಕೈಯೂರಿ ತುಸು ಸರಿದರು. ಇನ್ನೊಂದು ಬದಿಯಲ್ಲಿ ಶಾರದ ಸರಿದಳು, ಅವಳ ಆಚೆಯ ಹೆಂಗಸರೂ ಒಬ್ಬರ ಹಿಂದೊಬ್ಬರು ಸರಿದರು. ಅತ್ತೆ ಸೊಸೆಯ ನಡುವೆ ಒಬ್ಬರು ಕೂರುವಷ್ಟು ಜಾಗವಾಯಿತು. ಆಗ ನಾನು ತಿರುಗಿದೆ. ನನ್ನ ಹಿಂದೆ ಕಪ್ಪು ಪರದೆ, ಕಪ್ಪು ಕಡಲು, ಅಷ್ಟೆ. ಸದಾಶಿವ ಮುಚ್ಚಳ ತೆಗೆದ, ಚಿತ್ರ ಮುಂದುವರಿಯಿತು. ಅದು ಮುಗಿಯುವವರೆಗೂ ಆ ಜಾಗದಲ್ಲಿ ಯಾರೂ ಕೂರಲಿಲ್ಲ. ಆ ಇಕ್ಕಟ್ಟಿನಲ್ಲೂ ಯಾರೂ ಅದನ್ನು ತುಂಬಲು ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಕಂಬ ಕೀಳಲು ಹೋದೆವು. ಗಿರಿಜಕ್ಕ ಅಂಗಳ ಗುಡಿಸುತ್ತಿದ್ದರು. ನಿನ್ನೆ ಕತ್ತಲಾದಾಗ ನಿಮಗೆ ಏನು ಕಂಡಿತು ಎಂದು ಕೇಳಿದೆ. ಅವರು ಹಿಡಿಸೂಡಿ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಎಂತ ಕೇಳುವುದು ಮಾಷ್ಟ್ರೇ? ನಿಮ್ಮನ್ನು ದಾಟಿಕೊಂಡೇ ಅಲ್ವಾ ಅವನು ಬಂದದ್ದು?”

“ಯಾರು ಗಿರಿಜಕ್ಕ?”

“ನೀವು ಒಂದು ಮಾತಾದರೂ ಆಡಿಸಬಹುದಿತ್ತು. ಕಂಬದ ಹಾಗೆ ಕೂತಿದ್ದಿರಿ” ಎಂದು ಹೇಳಿ ಮತ್ತೆ ಗುಡಿಸತೊಡಗಿದರು. ಅದೇ ಬೆಳಿಗ್ಗೆ ತಮ್ಮನನ್ನು ಕರೆಸಿ, ಬೊಜ್ಜಕ್ಕೆ ದಿನ ನೋಡು ಎಂದಿದ್ದರು. ಶಾರದ ಬಾವಿಕಟ್ಟೆಯ ಹತ್ತಿರ ನಿಂತು ನಮ್ಮ ಕಡೆ ನೋಡುತ್ತಿದ್ದಳು.

ನಾನು ಸುಮ್ಮನೆ ಕೂರುವವನಲ್ಲ. ದೀಪಸ್ತಂಭದ ಬೆಳಕಿರಬಹುದು ಎಂದುಕೊಂಡೆ. ಅದು ಮಿನುಗಿ ಮರೆಯಾಗುವ ಬೆಳಕು, ಇದು ನಿಂತ ಬೆಳಕು. ಕಡಲಲ್ಲಿ ಯಾವುದಾದರೂ ದೋಣಿಯ ದೀಪ ಬಟ್ಟೆಯ ಪರದೆಯ ಮೂಲಕ ಬಂದಿರಬಹುದು ಎಂದುಕೊಂಡೆ. ಹಾಗಾಗಿದ್ದರೆ ಪರದೆಯನ್ನೇ ನೋಡುತ್ತಿದ್ದ ಸದಾಶಿವನಿಗೆ ಕಾಣಬೇಕಿತ್ತು. “ಪರದೆ ಬಿಡು, ನನಗೆ ನೀನೂ ಕಾಣುತ್ತಿರಲಿಲ್ಲ ಮಾರಾಯ” ಎಂದ ಅವನು. ಮಣಿಪಾಲದಿಂದ ಬಂದವರಿಗೂ ಕತ್ತಲೆ ಬಿಟ್ಟು ಬೇರೇನೂ ಕಂಡಿರಲಿಲ್ಲ, ಕಡಲಿನ ಶಬ್ದ ಬಹಳ ಚೆನ್ನಾಗಿತ್ತು ಎಂದರು. ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಅವರು ಕನ್ನಡಕದ ನಂಬರು ಬದಲಾಯಿಸಿ ಕಳಿಸಿದರು. ಆ ವರ್ಷದ ವರದಿಯನ್ನು ನಾನು ಬರೆಯಲೇ ಇಲ್ಲ. ಪ್ರೇಕ್ಷಕರು ಮುಳುಗಬೇಕು ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು, ಅವರೆಲ್ಲ ಒಟ್ಟಿಗೆ ಯಾವುದೋ ಒಂದರೊಳಗೆ ಮುಳುಗಿದಾಗ ದಡದಲ್ಲಿ ಉಳಿದಿದ್ದೆ ಎಂದು ಯಾವ ತಲೆಬರಹದ ಕೆಳಗೆ ಬರೆಯಲಿ?

ಬೊಜ್ಜ ನಡೆಯಿತು. ಮಳೆಗಾಲಕ್ಕೆ ಮೊದಲೇ ಶಾರದಳ ಮದುವೆಯೂ ಆಯಿತು. ಗಿರಿಜಕ್ಕನೇ ಮುಂದೆ ನಿಂತು ಮಾಡಿಸಿದರಂತೆ.

ಒಂದೆರಡು ವರ್ಷದ ಮೇಲೆ, ಕಾರ್ಕಳದ ಬಸ್ ನಿಲ್ದಾಣದಲ್ಲಿ ಶಾರದ ಸಿಕ್ಕಿದಳು. ಕಂಕುಳಲ್ಲಿ ಮಗು. ಗಂಡ ಅಂಗಡಿಯಲ್ಲಿ ಏನೋ ಕೊಳ್ಳುತ್ತಿದ್ದರು. ಕುಶಲ ಕೇಳಿ ಸುಮ್ಮನೆ ಹೋಗಬಹುದಿತ್ತು. ತಡೆಯಲಾಗದೆ ಕೇಳಿಯೇಬಿಟ್ಟೆ: ಆ ಸಂಜೆ ನಿನಗೆ ಏನು ಕಂಡಿತು?

“ನಾನು ಕಣ್ಣು ಮುಚ್ಚಿದ್ದೆ ಮಾಷ್ಟ್ರೇ” ಎಂದಳು. “ಅಳಲಿ ಅಂತ ನಾನೇ ಹೇಳಿದ್ದು, ಆದರೆ ಕತ್ತಲಾದಾಗ ಅತ್ತೆ ಈಗ ಅಳುತ್ತಾರೆ ಅಂತ ಗ್ರಹಿಸಿದೆ. ನೋಡುವ ಧೈರ್ಯ ಆಗಲಿಲ್ಲ.”

“ಮತ್ತೆ ನೀನು ಸರಿದದ್ದು?”

“ಯಾರೋ ಹೆಗಲು ತಾಗಿಸಿದ ಹಾಗಾಯಿತು, ಜಾಗ ಬೇಕು ಅನ್ನುವ ಹಾಗೆ. ಸರಿದೆ. ಈ ಬದಿಯ ಕೈ ತಣ್ಣಗಾಯಿತು. ಅತ್ತೆಯೇ ಅಂತ ಗ್ರಹಿಸಿ ಕಣ್ಣು ಬಿಡಲಿಲ್ಲ.” ಮಗುವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದಳು. “ಅತ್ತೆಗೆ ಅಷ್ಟು ಸಾಕಾಯಿತು. ಕಣ್ಣು ಬಿಟ್ಟಿದ್ದರೆ ನನಗೂ ಸಾಕಾಗುತ್ತಿತ್ತೋ ಏನೋ. ಅಥವಾ ಎಂತದೂ ಇರುತ್ತಿರಲಿಲ್ಲವೋ. ನೀವು ಎದುರೇ ಇದ್ದಿರಲ್ಲ, ನಿಮಗೆ ಎಂತ ಕಂಡಿತು?”

ಗಂಡ ಬಸ್ಸಿನ ಬಾಗಿಲಲ್ಲಿ ನಿಂತು ಕರೆದರು. ಅವಳು ಹತ್ತಿ, ಕಿಟಕಿಯ ಬದಿಗೆ ಕೂತು, ನನ್ನ ಉತ್ತರಕ್ಕೆ ಕಾದಳು. ಆ ಸಂಜೆ ಅವಳ ಮುಚ್ಚಿದ ರೆಪ್ಪೆಗಳ ಮೇಲೆ ನಿಂತಿದ್ದ ಬೆಳಕನ್ನು ನಾನು ನೋಡಿದ್ದೆ, ತಲೆ ತಗ್ಗಿಸಿದ್ದಾಳೆ ಎಂದುಕೊಂಡಿದ್ದೆ. ಅದನ್ನು ಹೇಳಿದರೆ ಅವಳಿಗೆ ಒಳ್ಳೆಯದಾಗುತ್ತದೋ ಕೆಟ್ಟದಾಗುತ್ತದೋ ಎಂದು ನಾನು ಯೋಚಿಸುತ್ತಿರುವಾಗಲೇ ಬಸ್ಸು ಹೊರಟಿತು. ಈಗಲೂ ಅದನ್ನೇ ಯೋಚಿಸುತ್ತಿದ್ದೇನೆ.