ಬಣ್ಣದ ಚಾಚಾನ ಬಿಳಿ ಲಡಿ

ಅವರ ಕೈಗಳನ್ನು ಮೈಬಣ್ಣದಲ್ಲಿ ನಾನು ನೋಡುತ್ತಿದ್ದುದು ರಂಜಾನ್ ಹಬ್ಬದ ದಿನ ಮಾತ್ರ, ಅದೂ ಅರ್ಧಂಬರ್ಧ. ಉಳಿದ ದಿನಗಳಲ್ಲಿ ಮೊಣಕೈವರೆಗೂ ಒಮ್ಮೆ ರಾಣಿ ಬಣ್ಣ, ಒಮ್ಮೆ ಗಿಳಿಹಸಿರು, ಒಮ್ಮೆ ಬದನೆಕಾಯಿ ಬಣ್ಣ. ಉಗುರಿನ ಸಂದಿಯಲ್ಲಿ ಹಿಂದಿನ ವಾರದ್ದು ಕೂತಿರುತ್ತಿತ್ತು. ಮೊಳಕಾಲ್ಮೂರಿನ ನಮ್ಮ ಬೀದಿಯಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುತ್ತಿದ್ದ ಅವರನ್ನು ಎಲ್ಲರೂ ಬಣ್ಣದ ಚಾಚಾ ಎನ್ನುತ್ತಿದ್ದೆವು. ಅವರ ಕೈ ನೋಡಿಯೇ, ಮುಂದಿನ ವಾರ ಮಗ್ಗಕ್ಕೆ ಯಾವ ಸೀರೆ ಏರುತ್ತದೆ ಎಂದು ನನ್ನ ಅವ್ವ ಹೇಳಿಬಿಡುತ್ತಿದ್ದಳು.

ಎದುರುಮನೆಯ ನೇಕಾರರ ಮಗಳಾದ ನನಗೆ ಚಾಚಾನ ತಾಮ್ರದ ಹಂಡೆಯ ಮುಂದೆ ಕೂರುವುದೇ ಆಟ. ನೂಲನ್ನು ಬಣ್ಣಕ್ಕೆ ಅದ್ದುವ ಮುಂಚೆ ಅವರು ಎಳೆಗಳನ್ನು ಸುತ್ತಿ ಕಟ್ಟಿದ ಬೆರಳುದ್ದದ ಪುಟ್ಟ ಲಡಿಯೊಂದನ್ನು ಅದ್ದಿ, ಹಿಂಡಿ, ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಬಣ್ಣ ಒಪ್ಪಿಗೆಯಾದರೆ ಆ ಲಡಿ ಗೋಡೆಯ ಮೊಳೆಗೆ. ಗೋಡೆ ತುಂಬ ಅಂಥವೇ. ಜಡೆಗೆ ಕಟ್ಟಿಕೊಳ್ಳಲು ಒಂದು ಕೊಡಿ ಎಂದು ಎಷ್ಟು ಗೋಗರೆದರೂ ಕೊಡುತ್ತಿರಲಿಲ್ಲ.

“ಅದು ಸ್ಯಾಂಪಲ್ ಐತೆ ಬೇಟಿ. ನೋಡೋಕೆ ಮಾತ್ರ, ಉಡೋಕಲ್ಲ.”

ಜಿಪುಣ ಮುದುಕ ಎಂದು ಬೈದುಕೊಳ್ಳುತ್ತಾ ಮನೆಗೆ ಬರುತ್ತಿದ್ದೆ. ಆಗ ಅವರೇನೂ ಮುದುಕರಾಗಿರಲಿಲ್ಲ.

ಓದು ಮುಗಿಸಿ ನಾನು ಚಳ್ಳಕೆರೆ ಕಡೆಯ ಒಂದು ಪ್ರಯೋಗಾಲಯಕ್ಕೆ ಸಹಾಯಕಿಯಾಗಿ ಸೇರಿದೆ. ಯಾವ ಅಂಗದ ಕೋಶವಾಗಿ ಬೇಕಾದರೂ ಬೆಳೆಯಬಲ್ಲ ಕಾಂಡಕೋಶಗಳನ್ನು ಲಿವರಿನ ಕೋಶಗಳಾಗಿ ಬೆಳೆಸುವುದು ಅಲ್ಲಿಯ ಕೆಲಸ. ಅವು ಹಿಡಿದು ಕೂರಲು ಹಂದರ ಬೇಕು. ಅದನ್ನು ರೇಷ್ಮೆಯಿಂದ ಮಾಡುತ್ತಿದ್ದರು. ಸೋಲುತ್ತಿರುವ ಲಿವರಿನ ಭಾರವನ್ನು ಎಂದಾದರೊಂದು ದಿನ ಇದು ಸ್ವಲ್ಪ ಕಾಲ ಹೊರಬೇಕು ಎಂಬುದು ನಮ್ಮವರ ಆಸೆ. ರೇಷ್ಮೆಯ ಎಳೆಗೆ ಗೂಡಿನಿಂದಲೇ ಮೆತ್ತಿಕೊಂಡು ಬರುವ ಅಂಟು ಬಿಡಿಸುವ ಕೆಲಸ ನನ್ನ ಪಾಲಿಗೆ ಬಂತು. ನೇಕಾರರ ಮಗಳಿಗೆ ಇದೇನು ಮಹಾ ಎಂದುಕೊಂಡೆ. ತಿಂಗಳುಗಟ್ಟಲೆ ಕೋಶಗಳು ಆ ಹಂದರದ ಮೇಲೆ ನಿಲ್ಲದೆ ಸತ್ತವು.

ಒಂದು ಭಾನುವಾರ ನಾನು ಅಂಟು ಬಿಡಿಸಿದ್ದ ನೂಲನ್ನು ಚಾಚಾನ ಮುಂದಿಟ್ಟೆ. ಅವರು ಅದನ್ನು ಕಿವಿಯ ಹತ್ತಿರ ಹಿಡಿದು ಎರಡು ಬೆರಳಲ್ಲಿ ಉಜ್ಜಿದರು.

“ಅಂಟು ಒಳಗೇ ಐತೆ. ಅನ್ನ ಬೇಯಿಸ್ದಂಗೆ ಕುದಿಸೀಯೇನು? ಒತ್ತೊತ್ತಿಗೆ ತುಂಬಿದ್ರೆ ನಡುವಿನ ಎಳೆಗೆ ನೀರು ಹೆಂಗೆ ಮುಟ್ತೈತೆ?”

ಅಂದು ಮಧ್ಯಾಹ್ನವೆಲ್ಲ ಅವರು ಲಡಿಗಳನ್ನು ಕೋಲಿಗೆ ಸಡಿಲವಾಗಿ ತೂಗುಹಾಕಿ, ಇನ್ನೂ ಕುದಿಯದ ಬಿಸಿನೀರಿನಲ್ಲಿ ತಿರುವುತ್ತಾ ಇರುವುದನ್ನು ಕಲಿಸಿದರು. ಪ್ರಯೋಗಾಲಯಕ್ಕೆ ಮರಳಿ ಅವರ ರೀತಿಯಲ್ಲಿ ಮಾಡಿದ ರೇಷ್ಮೆಯ ಮೇಲೆ ಕೋಶಗಳು ನಿಂತವು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಊರಿಗೆ ಓಡಿ, “ನಿಮ್ಮ ರೇಷ್ಮೆ ಮೇಲೆ ಲಿವರ್ ಬೆಳೀತೈತೆ ಚಾಚಾ!” ಎಂದು ಕೊಚ್ಚಿಕೊಂಡೆ. ಅವರೋ ಬೀದಿಗೆಲ್ಲ ಸಾರಿದರು: “ನಮ್ಮ ಬೇಟಿ ಲಿವರ್ ನೇಯ್ತಾಳೆ!”

ಮರುವರ್ಷ ಹಳದಿ ಸೀರೆಗಳಿಗೆ ಬೇಡಿಕೆ ಬಂತು. ವಾರಗಟ್ಟಲೆ ಚಾಚಾನ ಕೈ, ತೋಳು, ಉಗುರು ಎಲ್ಲ ಹಳದಿ. ರಜೆಗೆ ಬಂದಿದ್ದ ನಾನು, “ಈಗ ಕಣ್ಣಿಗೂ ಬಣ್ಣ ಹಾಕ್ತೀರೇನು ಚಾಚಾ?” ಎಂದು ಚೇಷ್ಟೆ ಮಾಡಿದೆ. ಅವರೂ ನಕ್ಕರು, ಚಾಚಿಯೂ ನಕ್ಕರು. ಬಾಗಿಲು ದಾಟಿದ ಮೇಲೆ ನನಗೆ ಹೊಳೆಯಿತು. ಕಣ್ಣಿಗೆ ಯಾರು ಬಣ್ಣ ಹಾಕುತ್ತಾರೆ? ಅದು ಕಾಮಾಲೆ. ಮೈಮೇಲೆ ಸದಾ ಒಂದಲ್ಲ ಒಂದು ಬಣ್ಣ ಇರುತ್ತಿದ್ದ ಮನುಷ್ಯನ ಹಳದಿಯನ್ನು ಹೆಂಡತಿಯಾಗಲಿ, ಬೀದಿಯಾಗಲಿ, ದಿನಬೆಳಗಾದರೆ ಲಿವರಿನ ಕೋಶ ನೋಡುವ ನಾನಾಗಲಿ ಗುರುತಿಸಿರಲಿಲ್ಲ.

ಒಂದು ಗುಟುಕೂ ಕುಡಿಯದವರು. ಎಂದೋ ಹೊಕ್ಕ ವೈರಸ್ಸು ಲಿವರನ್ನು ಒಳಗೊಳಗೇ ತಿಂದಿತ್ತು. ಬದಲಿ ಲಿವರ್ ಹಾಕದೆ ದಾರಿಯಿಲ್ಲ ಎಂದರು ಡಾಕ್ಟರು. ಚಳ್ಳಕೆರೆಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಮಗ, “ನಂದ್ರಾಗೆ ಒಂದು ತುಂಡು ತಗೊಳ್ರಿ” ಎಂದ. ಪರೀಕ್ಷೆ ಮಾಡಿದರೆ ಹೊಂದಿಕೆಯೂ ಆಯಿತು. ಚಾಚಾ ಮಾತ್ರ ಒಪ್ಪಲಿಲ್ಲ.

“ಇರೋ ಒಬ್ಬ ಮಗನ ಹೊಟ್ಟೆ ಯಾಕೆ ಕುಯ್ಯಬೇಕು? ಬೇಟಿ ಲಿವರ್ ಮಾಡ್ತಾವ್ಳಲ್ಲ.” ನನ್ನ ಕಡೆ ತಿರುಗಿದರು. “ನನಗೂ ಆಗ್ತೈತಲ್ಲ?”

ಚಾಚಿ, ಮಗ ಇಬ್ಬರೂ ನನ್ನನ್ನೇ ನೋಡಿದರು. ‘ಇಲ್ಲ’ ಎಂಬ ಎರಡಕ್ಷರ ಹೇಳಬೇಕಿತ್ತು. ಚಾಚಾನ ಮುಖ ಬಾಡುವುದನ್ನು ನೋಡುವ ಧೈರ್ಯ ನನಗಿರಲಿಲ್ಲ.

“ಸ್ವಲ್ಪ ತಡೀರಿ ಚಾಚಾ” ಎಂದುಬಿಟ್ಟೆ.

ಅವರು ತಡೆದರು. ಬೇಸಿಗೆ ಪೂರ್ತಿ ತಡೆದರು. ಹೊಟ್ಟೆ ಊದಿಕೊಂಡಿತು, ತೋಳು ಕಡ್ಡಿಯಾಯಿತು. ನಾನು ಊರಿಗೆ ಹೋಗುವುದನ್ನೇ ಕಡಿಮೆ ಮಾಡಿದೆ. ಕೊನೆಗೆ ಮಗನೇ ಫೋನ್ ಮಾಡಿದ: “ಅಕ್ಕಾ, ಅಬ್ಬಾ ನಿಮ್ಮ ಮಾತು ಹಿಡ್ಕೊಂಡು ಕೂತವ್ರೆ. ನಿಜ ಏನೈತೆ ಹೇಳಿಬಿಡ್ರಿ.”

ಮೇಲಿನವರ ಅನುಮತಿ ಪಡೆದು ಚಾಚಾನನ್ನು ಪ್ರಯೋಗಾಲಯಕ್ಕೆ ಕರೆಸಿದೆ. ಅವರು ಒಂದು ಕಣ್ಣು ಮುಚ್ಚಿ ಸೂಕ್ಷ್ಮದರ್ಶಕದೊಳಗೆ ಬಹಳ ಹೊತ್ತು ನೋಡಿದರು, ನೂಲನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದ ಹಾಗೆಯೇ. ಆಮೇಲೆ ಪುಟ್ಟ ತಟ್ಟೆಯಲ್ಲಿ ಬರಿಗಣ್ಣಿಗೆ ಧೂಳಿನ ಚುಕ್ಕೆಯಂತೆ ಕಾಣುವ ಆ ಕೋಶಗಳನ್ನು ನೋಡಿದರು.

“ಇಷ್ಟೇನಾ?”

“ಇಷ್ಟೇ ಚಾಚಾ. ಮನುಷ್ಯರಿಗೆ ಹಾಕೋ ಹಂತಕ್ಕೆ ಬಂದಿಲ್ಲ. ಇನ್ನೂ ಎಷ್ಟು ವರ್ಷವೋ ಗೊತ್ತಿಲ್ಲ. ನಾನು ಸುಳ್ಳು ಹೇಳಿದೆ.”

ಅಳು ತಡೆಯಲಾಗಲಿಲ್ಲ. ಚಾಚಾ ಕುರ್ಚಿಯಲ್ಲಿ ಕೂತು ಸುಧಾರಿಸಿಕೊಂಡರು.

“ಕೆಲಸ ಚೆನ್ನಾಗೈತೆ, ಬೇಟಿ. ಆದ್ರೆ ಇದು ಸ್ಯಾಂಪಲ್.” ಆಮೇಲೆ, “ಅವತ್ತೇ ಅಂದಿದ್ರೆ ಆಗ್ತಿತ್ತಲ್ಲ” ಎಂದರು.

ಬೈದಿದ್ದರೆ ಹಗುರಾಗುತ್ತಿದ್ದೆನೇನೋ. ಅವರ ದನಿಯಲ್ಲಿ ಸಿಟ್ಟೇ ಇರಲಿಲ್ಲ.

ಆ ವಾರವೇ ಮಗನ ಲಿವರ್ ತೆಗೆದುಕೊಳ್ಳಲು ಒಪ್ಪಿದರು. ಅಷ್ಟರಲ್ಲಿ ಹೊಟ್ಟೆಯ ನೀರಿಗೆ ಸೋಂಕು ತಗುಲಿ, ಕಿಡ್ನಿಯೂ ಕೈಕೊಟ್ಟಿತ್ತು. ಈ ದೇಹ ಆಪರೇಷನ್ ತಡೆಯದು ಎಂದು ಡಾಕ್ಟರು ಮನೆಗೆ ಕಳಿಸಿದರು.

ಕೊನೆಯ ಸಲ ನೋಡಲು ಹೋದಾಗ ಅವರ ಕೈಗಳ ಮೇಲೆ ಹಂಡೆಯ ಬಣ್ಣ ಒಂದೂ ಇರಲಿಲ್ಲ. ತಲೆದಿಂಬಿನ ಪಕ್ಕದಿಂದ ಬಟ್ಟೆಯ ಗಂಟೊಂದನ್ನು ನನ್ನತ್ತ ದೂಡಿದರು. ಬಿಚ್ಚಿದರೆ ಅಂಟು ಬಿಡಿಸಿದ ರೇಷ್ಮೆ ಲಡಿಗಳು, ಅಚ್ಚ ಬಿಳಿ. ಮಂಚದ ಮೇಲಿಂದಲೇ ಹೇಳುತ್ತಾ ಚಾಚಿಯ ಕೈಯಲ್ಲಿ ತಿರುವಿಸಿದ್ದರಂತೆ.

“ಬಣ್ಣ ಹಾಕಿಲ್ಲ. ನಿನ್ನ ಕೆಲಸಕ್ಕೆ ಬಿಳೀದೇ ಬೇಕಲ್ಲ.”

ಜೀವಮಾನದಲ್ಲಿ ಬಣ್ಣ ಹಾಕದ ನೂಲು ಅವರ ಮನೆಯಿಂದ ಹೊರಬಿದ್ದದ್ದು ಅದೊಂದೇ ಸಲ. ನಾಲ್ಕು ದಿನಕ್ಕೆ ಹೋಗಿಬಿಟ್ಟರು.

ಆ ಲಡಿಗಳನ್ನೆಲ್ಲ ಕೆಲಸಕ್ಕೆ ಬಳಸಿದೆವು. ಬೆರಳುದ್ದದ್ದೊಂದು ಮಾತ್ರ ನನ್ನ ಮೇಜಿನ ಹಿಂದಿನ ಗೋಡೆಯ ಮೊಳೆಯಲ್ಲಿದೆ. ನಮ್ಮ ಕೆಲಸದ ಸುದ್ದಿ ಕೇಳಿ ಆಗಾಗ ಯಾರಾದರೂ ಗೇಟಿಗೆ ಬರುತ್ತಾರೆ. ಕಳೆದ ತಿಂಗಳು ಕೊಂಡ್ಲಹಳ್ಳಿಯಿಂದ ಒಬ್ಬಾಕೆ ಗಂಡನ ಆಸ್ಪತ್ರೆ ಫೈಲು ಎದೆಗವಚಿಕೊಂಡು ಬಂದಿದ್ದಳು. ಒಳಗೆ ನನ್ನ ಮೇಜಿನ ಹತ್ತಿರ ಕರೆತಂದೆ.

“ನಮ್ಮ ಮೈದುನ ಲಿವರ್ ಕೊಡ್ತೀನಿ ಅಂತಾನೆ. ಆದ್ರೆ ನಿಮ್ಮತ್ರ ರೇಷ್ಮೇದು ಐತಂತಲ್ಲ. ಅದು ಸಿಗೋವರ್ಗೂ ತಡೀಲೇನಮ್ಮ?”

ಬಿಳಿ ಲಡಿಯ ಕಡೆ ನೋಡಿದೆ.

“ತಡೀಬ್ಯಾಡಮ್ಮ. ನಮ್ದು ಇನ್ನೂ ಸ್ಯಾಂಪಲ್. ಮೈದುನನ್ನ ಕರ್ಕೊಂಡು ಇವತ್ತೇ ಆಸ್ಪತ್ರೆಗೆ ಹೊರಡ್ರಿ.”

ಆಕೆಯ ಮುಖ ಬಾಡಿತು. ಅಂಥದೇ ಮುಖ ನೋಡಲಾರದೆ ನಾನು ಚಾಚಾನನ್ನು ಕಳೆದುಕೊಂಡಿದ್ದೆ. ಈ ಸಲ ನೋಡುತ್ತಲೇ ನಿಂತೆ. ಆಮೇಲೆ ಆಕೆಯ ಜೊತೆ ರಸ್ತೆಯವರೆಗೆ ಹೋಗಿ ಬಸ್ಸು ಹತ್ತಿಸಿ ಬಂದೆ.